‘ಒಂದೂ ಮಾತ್ರೆ ತಪ್ಪಿಸಿಲ್ಲ’ ಎಂಬ ಉತ್ತರವನ್ನು ಎಷ್ಟು ನಂಬಬಹುದು?

ಪ್ರಶ್ನೆ: ಎಚ್‌ಐವಿ ಔಷಧಗಳ ಅಧ್ಯಯನಗಳಲ್ಲಿ, ಮಾತ್ರೆಗಳನ್ನು ಕ್ರಮವಾಗಿ ಸೇವಿಸಿದ್ದೀರಾ ಎಂದು ಭಾಗವಹಿಸಿದವರನ್ನೇ ಕೇಳಿ ಆ ಉತ್ತರವನ್ನೇ ಲೆಕ್ಕಕ್ಕೆ ಹಿಡಿಯುತ್ತಾರಂತೆ. ಇದು ನಂಬಲರ್ಹವೇ?
– ನರ್ಸಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ‘ತಪ್ಪಿಸಿದ್ದೇನೆ’ ಎಂದವರ ಮಾತನ್ನು ಬಹುಮಟ್ಟಿಗೆ ನಂಬಬಹುದು; ‘ಒಂದೂ ತಪ್ಪಿಸಿಲ್ಲ’ ಎಂಬ ಮಾತಿಗೆ ಬೇರೊಂದು ಆಧಾರ ಬೇಕು.

ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಚಿಕಿತ್ಸೆಯ ಅಧ್ಯಯನವಲ್ಲ, ಸೋಂಕು ತಡೆಯುವ ಔಷಧದ ಅಧ್ಯಯನ. ದಕ್ಷಿಣ ಆಫ್ರಿಕಾ, ಉಗಾಂಡಾ ಮತ್ತು ಜಿಂಬಾಬ್ವೆಗಳಲ್ಲಿ ಸೋಂಕಿಲ್ಲದ 5,029 ಮಹಿಳೆಯರನ್ನು ಸೇರಿಸಿಕೊಂಡು 2009ರಿಂದ 2012ರವರೆಗೆ ನಡೆದ ‘ವಾಯ್ಸ್’ ಪ್ರಯೋಗದಲ್ಲಿ, ಎದುರು ಕುಳಿತು ಕೇಳಿದಾಗ ಔಷಧ ಬಳಕೆ ಶೇ 90ರಷ್ಟಿದೆ ಎಂದು ದಾಖಲಾಯಿತು. ಕಂಪ್ಯೂಟರಿನ ಮುಂದೆ ಅವರವರೇ ಉತ್ತರಿಸಿದಾಗ ಅದು ಶೇ 88, ಮರಳಿ ತಂದ ಔಷಧವನ್ನು ಎಣಿಸಿದಾಗ ಶೇ 86. ಆದರೆ ಪರೀಕ್ಷಿಸಿದ ರಕ್ತದ ಮಾದರಿಗಳಲ್ಲಿ ಪ್ರಯೋಗದ ಔಷಧವಾದ ಟೆನೊಫೋವಿರ್ ಪತ್ತೆಯಾದದ್ದು ಶೇ 25ರಿಂದ 30ರಷ್ಟರಲ್ಲಿ ಮಾತ್ರ. ಮಾತ್ರೆ ಎಣಿಸುವ ಕ್ರಮವೂ ಇಲ್ಲಿ ಸೋತಿತು ಎಂಬುದನ್ನು ಗಮನಿಸಬೇಕು. ಉಳಿದ ಮಾತ್ರೆಗಳನ್ನು ಎಸೆದು ಬರುವುದು ಕಷ್ಟವೇನಲ್ಲ.

ಆ ಮಹಿಳೆಯರನ್ನು ಸುಳ್ಳುಗಾರರೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಡ್ಡಪರಿಣಾಮಗಳ ಭಯ, ಮನೆಯಲ್ಲಿ ಮಾತ್ರೆ ಕಂಡವರು ತಮಗೇ ಎಚ್‌ಐವಿ ಇದೆಯೆಂದು ತಿಳಿದಾರೆಂಬ ಅಳುಕು ಅವರಿಗಿದ್ದವೆಂದು ನಂತರದ ಸಂದರ್ಶನಗಳಲ್ಲಿ ತಿಳಿದುಬಂತು.

ಚಿಕಿತ್ಸೆ ಪಡೆಯುತ್ತಿರುವವರ ವಿಷಯದಲ್ಲಿ ಅಂತರ ಸಾಮಾನ್ಯವಾಗಿ ಇಷ್ಟು ದೊಡ್ಡದಿರುವುದಿಲ್ಲ. ರೋಗಿಗಳು ಹೇಳಿದ್ದಕ್ಕೂ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣಕ್ಕೂ (ವೈರಲ್ ಲೋಡ್) ಹೊಂದಿಕೆ ಇರುವುದನ್ನು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ಆದರೂ ಮಾತಿನ ಜೊತೆಗೆ ಮತ್ತೊಂದು ಅಳತೆ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಔಷಧ ಹುಡುಕುವ ಪರೀಕ್ಷೆಯು ಹಿಂದಿನ ಕೆಲವು ದಿನಗಳ ಸೇವನೆಯನ್ನಷ್ಟೇ ಹೇಳುವುದರಿಂದ, ಭೇಟಿಯ ದಿನ ಹತ್ತಿರವಾದಾಗ ಮಾತ್ರ ಔಷಧ ನುಂಗಿದವರೂ ಅದರಲ್ಲಿ ತೇರ್ಗಡೆಯಾಗುತ್ತಾರೆ. ಒಣಗಿಸಿದ ರಕ್ತದ ಹನಿಯಲ್ಲಿ ಮತ್ತು ಕೂದಲಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಂದಿನ ಸುಳಿವು ಉಳಿದಿರುತ್ತದೆ.

ಮುಂದೆ ನೀವೇ ರೋಗಿಗಳನ್ನು ಕೇಳಬೇಕಾದಾಗ, ‘ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ ತಾನೇ?’ ಎಂದು ಕೇಳಬೇಡಿ. ‘ಒಂದೊಂದು ಸಲ ಎಲ್ಲರಿಗೂ ತಪ್ಪುತ್ತದೆ, ಕಳೆದ ನಾಲ್ಕು ದಿನಗಳಲ್ಲಿ ನಿಮಗೆ ಎಷ್ಟು ತಪ್ಪಿತು?’ ಎಂದು ಕೇಳಿ. ವೈರಲ್ ಲೋಡ್ ಹೆಚ್ಚಿದ್ದೂ ರೋಗಿ ಏನೂ ತಪ್ಪಿಸಿಲ್ಲವೆಂದರೆ ಕೂಡಲೇ ಅನುಮಾನಿಸಬೇಡಿ, ಏಕೆಂದರೆ ವೈರಸ್ ಆ ಔಷಧಕ್ಕೆ ನಿರೋಧ ಬೆಳೆಸಿಕೊಂಡಿರುವುದೂ ಸಾಧ್ಯ.