ರಾತ್ರಿ ಏನು ಸಾರು?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ರಾತ್ರಿ ಊಟದ್ದೇ. ಹಬ್ಬದ ಅಡುಗೆ ಕೇಳಿದವರು ಇಬ್ಬರೇ ಇಬ್ಬರು. ಅವರು ಸ್ವಲ್ಪ ಕಾಯಲಿ, ಹಬ್ಬ ಇನ್ನೂ ದೂರ ಇದೆ. ಹಸಿವು ಮಾತ್ರ ದಿನಾ ಎಂಟು ಗಂಟೆಗೆ ಬಂದು ಕೂರುತ್ತದೆ.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮನೆ ಸೇರುವಾಗ ಏಳೂವರೆ. ಭಾನುವಾರ ಕೂತು ಇಡೀ ವಾರದ ಮೆನು ಬರೆದು ಫ್ರಿಜ್ ಮೇಲೆ ಅಂಟಿಸುತ್ತೇನೆ. ಬುಧವಾರದ ಹೊತ್ತಿಗೆ ಮೆನು ತಪ್ಪಿರುತ್ತದೆ, ಸೊಪ್ಪು ಕೊಳೆತಿರುತ್ತದೆ, ಹೋಟೆಲಿನಿಂದ ತರಿಸುತ್ತೇವೆ. ಏನು ಮಾಡಲಿ? (ತುಮಕೂರಿನ ಓದುಗರು)

ಮೊದಲು ಆ ಮೆನು ಹರಿದು ಹಾಕಿ. ಭಾನುವಾರ ಹೊಟ್ಟೆ ತುಂಬಿ ಕೂತವರು ಬರೆದ ಪಟ್ಟಿ ಅದು. ಬುಧವಾರ ಸುಸ್ತಾಗಿ ಬಂದವರಿಗೆ ಅದು ಹೊಂದುವುದಿಲ್ಲ. ನಾನು ಒಂದು ಹಾಸ್ಟೆಲ್ ಮೆಸ್ಸಿನ ಅಡುಗೆ ನೋಡಿಕೊಂಡವಳು. ಅಲ್ಲಿ ಗೋಡೆ ಮೇಲೆ ಮೆನು ಇತ್ತು, ನಿಜ. ಆದರೆ ಅಡುಗೆಯವರು ನೋಡುತ್ತಿದ್ದದ್ದು ಗೋಡೆಯನ್ನಲ್ಲ, ತರಕಾರಿ ಬುಟ್ಟಿಯನ್ನು. ಯಾವುದು ಮೊದಲು ಬಾಡುತ್ತದೋ ಅದರ ಸಾರು ಮೊದಲು.

ನೀವೂ ಹಾಗೇ ಮಾಡಿ. ಭಾನುವಾರ ಸಂತೆ ಅಂದರೆ ಸೋಮವಾರ ಸೊಪ್ಪು. ಅದು ಯಾರಿಗೂ ಕಾಯುವುದಿಲ್ಲ. ಮಂಗಳವಾರ, ಬುಧವಾರ ಬೆಂಡೆ, ಬದನೆ, ಬೀನ್ಸ್. ಆಮೇಲೆ ಗಡ್ಡೆ, ಕುಂಬಳಕಾಯಿ, ಸೌತೆಕಾಯಿ. ಬುಟ್ಟಿ ಖಾಲಿಯಾದ ಮೇಲೆ ಡಬ್ಬಿಯಲ್ಲಿರುವ ಕಾಳು. ಇಷ್ಟು ತಲೆಯಲ್ಲಿದ್ದರೆ ಸಾಕು, ಮಿಕ್ಕಿದ್ದನ್ನು ಆಯಾ ದಿನ ನೋಡಿಕೊಳ್ಳಬಹುದು. ಸೊಪ್ಪನ್ನು ತೊಳೆದು ಫ್ರಿಜ್ಜಿಗೆ ಇಡಬೇಡಿ, ನೀರಿನ ಪಸೆಗೇ ಅದು ಕೊಳೆಯುವುದು. ಬಿಡಿಸಿ, ಹಳೇ ಪಂಚೆ ತುಂಡಿನಲ್ಲಿ ಸುತ್ತಿಡಿ. ನ್ಯೂಸ್‌ಪೇಪರ್ ಬೇಡ, ಮಸಿ ಅಂಟುತ್ತದೆ.

ಸೋಮವಾರದ ಸೊಪ್ಪಿಗೆ ಬಸ್ಸಾರಿಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ನಿಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾ ಅಂತ ನಗಬೇಡಿ. ಕೆಲಸಕ್ಕೆ ಹೋಗುವ ಮಕ್ಕಳೆಲ್ಲ ಅದನ್ನು ಊರಿಗೆ ಹೋದಾಗ ಮಾತ್ರ ತಿನ್ನುವ ಪದಾರ್ಥ ಮಾಡಿಬಿಟ್ಟಿದ್ದಾರೆ. ಅಸಲಿಗೆ ಅದು ಸುಸ್ತಾದವರ ಅಡುಗೆ. ಒಂದು ಸಲ ಬೇಯಿಸಿದರೆ ಸಾರೂ ಆಯಿತು, ಪಲ್ಯವೂ ಆಯಿತು.

ಮೂರು ನಾಲ್ಕು ಜನಕ್ಕೆ ಮುಕ್ಕಾಲು ಲೋಟ ತೊಗರಿಬೇಳೆ, ಎರಡು ಕಟ್ಟು ಸೊಪ್ಪು, ಐದು ಲೋಟ ನೀರು. ದಂಟು, ಸಬ್ಬಸಿಗೆ, ಯಾವುದಾದರೂ ಸರಿ. ಮನೆಗೆ ಬಂದ ತಕ್ಷಣ ಬೇಳೆ ನೆನೆಹಾಕಿ. ಕೈಕಾಲು ತೊಳೆದು ಕಾಫಿ ಕುಡಿಯುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತದೆ. ಕುಕ್ಕರ್ ಬೇಡ, ಬೇಳೆ ಕರಗಿ ಹೋಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿ. ಬೆರಳಲ್ಲಿ ಅಮುಕಿದರೆ ಒಡೆಯಬೇಕು, ಆದರೆ ಆಕಾರ ಉಳಿದಿರಬೇಕು. ಆಗ ಸೊಪ್ಪು, ಉಪ್ಪು ಹಾಕಿ ಐದು ನಿಮಿಷ ಬೇಯಿಸಿ ಬಸಿಯಿರಿ. ಬಸಿದ ನೀರೇ ಕಟ್ಟು. ಸಾರಿನ ಜೀವ ಇರುವುದು ಅಲ್ಲಿ.

ಅತ್ತ ಬೇಳೆ ಬೇಯುವಾಗ ಇತ್ತ ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ ಹುರಿದುಕೊಳ್ಳಿ. ಒಂದು ಹಿಡಿ ತೆಂಗಿನತುರಿ, ಎರಡು ಚಮಚ ಸಾರಿನ ಪುಡಿ, ಗೋಲಿಯಷ್ಟು ಹುಣಸೆಹಣ್ಣು, ಬೆಂದ ಬೇಳೆ ಸೊಪ್ಪು ಎರಡು ಚಮಚ ಸೇರಿಸಿ ರುಬ್ಬಿ. ಇದನ್ನು ಕಟ್ಟಿಗೆ ಹಾಕಿ ಕುದಿಸಿ, ಒಗ್ಗರಣೆ ಕೊಡಿ. ಪಾತ್ರೆಯಲ್ಲಿ ಉಳಿದ ಸೊಪ್ಪು ಬೇಳೆಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ, ಮೇಲೆ ಸ್ವಲ್ಪ ಕಾಯಿತುರಿ. ಪಲ್ಯ ಮುಗಿಯಿತು. ಎಂಟೂಮುಕ್ಕಾಲಿಗೆ ತಟ್ಟೆ ಹಾಕಬಹುದು. ಸಾರು ಉಳಿದರೆ ಚೆನ್ನಾಗಿ ಕುದಿಸಿ, ಆರಿಸಿ ಫ್ರಿಜ್ಜಿಗೆ ಇಡಿ. ಮಾರನೇ ದಿನದ ಬಸ್ಸಾರಿಗೆ ಮನೆಯಲ್ಲಿ ಜಗಳ ಆದರೆ ನನ್ನನ್ನು ದೂರಬೇಡಿ.

ಒಂದು ಮಾತು. ಯಾವ ಸಾರಿಗಾದರೂ ಹುಳಿ ಹಾಕುವುದು ಬೇಳೆ ಬೆಂದ ಮೇಲೆ. ಮೊದಲೇ ಹಾಕಿದರೆ ಬೇಳೆ, ಕಾಳು, ತರಕಾರಿ ಎಲ್ಲವೂ ಬೇಯದೆ ಸತಾಯಿಸುತ್ತವೆ. ‘ಈ ಸಲದ ಬೇಳೆನೇ ಸರಿ ಇಲ್ಲ’ ಅಂತ ಅಂಗಡಿಯವರ ಮೇಲೆ ರೇಗುವ ಮುಂಚೆ ಇದನ್ನೊಮ್ಮೆ ನೋಡಿಕೊಳ್ಳಿ.

ಇನ್ನು ತರಕಾರಿ ಏನೂ ಇಲ್ಲದ ಶುಕ್ರವಾರ. ಆರ್ಡರ್ ಮಾಡುವ ಮೊದಲು ಹತ್ತು ನಿಮಿಷ ಕೊಡಿ. ಅರ್ಧ ಚಮಚ ಮೆಂತ್ಯ, ಒಂದು ಚಮಚ ಜೀರಿಗೆ, ಒಂದು ಒಣಮೆಣಸಿನಕಾಯಿ ತುಪ್ಪದಲ್ಲಿ ಹುರಿದು, ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮೊಸರಿಗೆ ಬೆರೆಸಿ. ಮಲೆನಾಡಿನ ಮೆಂತ್ಯದ ತಂಬುಳಿ ಇದು. ಕುದಿಸುವ ಕೆಲಸವೇ ಇಲ್ಲ. ಮೆಂತ್ಯ ಕಪ್ಪಾಗುವಷ್ಟು ಹುರಿದರೆ ಮಾತ್ರ ಕಹಿ. ಬಿಸಿ ಅನ್ನ, ತಂಬುಳಿ, ಒಂದು ಹಪ್ಪಳ. ಹಪ್ಪಳ ಇಲ್ಲದಿದ್ದರೂ ನಡೆಯುತ್ತದೆ ಅಂತ ಬರೆಯೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ.

ಹೆಂಡತಿಗೆ ವಾರದಲ್ಲಿ ಮೂರು ದಿನ ರಾತ್ರಿ ಪಾಳಿ. ಆ ದಿನ ಅಪ್ಪನಿಗೆ, ನನಗೆ ನಾನೇ ಮುದ್ದೆ ಮಾಡುತ್ತೇನೆ. ಗಂಟಾಗುತ್ತದೆ. ಅಪ್ಪ ಏನೂ ಅನ್ನುವುದಿಲ್ಲ, ಗಂಟುಗಳನ್ನು ತೆಗೆದು ತಟ್ಟೆ ಅಂಚಿಗೆ ಸಾಲಾಗಿ ಇಡುತ್ತಾರೆ. (ಮಂಡ್ಯದ ಓದುಗರು)

ಬೈದಿದ್ದರೇ ವಾಸಿಯಿತ್ತು, ಅಲ್ವಾ? ನೀವು ಹಿಟ್ಟು ಹಾಕಿದ ತಕ್ಷಣ ತಿರುವುತ್ತೀರಿ ಅಂತ ಕಾಣುತ್ತದೆ. ಗಂಟಾಗುವುದು ಅಲ್ಲೇ. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಆ ನೀರಿಗೆ ಬಿಡಿ. ಚೆನ್ನಾಗಿ ಕುದಿ ಬಂದ ಮೇಲೆ ಮಿಕ್ಕ ಹಿಟ್ಟನ್ನು ನಡುಮಧ್ಯೆ ಗುಡ್ಡೆಯಾಗಿ ಸುರಿಯಿರಿ. ಮುಟ್ಟಬೇಡಿ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಿ. ಸುತ್ತಲ ನೀರು ಉಕ್ಕಿ ಹಿಟ್ಟಿನ ಮೇಲೆ ಬಂದು ಅದನ್ನು ಬೇಯಿಸುತ್ತದೆ. ಆಮೇಲೆ ಒಲೆ ಆರಿಸಿ, ಪಾತ್ರೆಯನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದು, ಅಂಚಿಗೆ ಒತ್ತಿ ಒತ್ತಿ ತಿರುವಿ. ಇಲ್ಲಿ ಮಾತ್ರ ತೋಳಿನ ಬಲ ಬೇಕು. ಮತ್ತೆ ಒಲೆ ಮೇಲಿಟ್ಟು ಮುಚ್ಚಿ ಎರಡು ನಿಮಿಷ. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಬಾರದು. ಅಂಟಿದರೆ ಇನ್ನೂ ಬೇಯಬೇಕು.

ಹಿಟ್ಟು ಹಳೆಯದಾಗಿದ್ದರೆ ಜರಡಿ ಹಿಡಿಯಿರಿ. ಜೊತೆಗೆ ಉಪ್ಸಾರು, ಪಕ್ಕದಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಕುಟ್ಟಿದ ಖಾರ ಇದ್ದರೆ ಅಪ್ಪ ಮುದ್ದೆಯ ತಪ್ಪನ್ನು ಅರ್ಧ ಮನ್ನಿಸುತ್ತಾರೆ.

ಅತ್ತೆ ವಿಜಯಪುರದವರು. ರಾತ್ರಿ ರೊಟ್ಟಿ ಇಲ್ಲದಿದ್ದರೆ ಉಂಡ ಹಾಗಾಗುವುದಿಲ್ಲ ಅನ್ನುತ್ತಾರೆ. ನಾನು ಮೈಸೂರು ಕಡೆಯವಳು. ಜೋಳದ ರೊಟ್ಟಿ ಬಡಿಯಲು ಹೋದರೆ ಅಂಚೆಲ್ಲ ಒಡೆದು ನಕ್ಷೆ ಥರ ಆಗುತ್ತದೆ. (ಬೆಂಗಳೂರಿನ ಓದುಗರು)

ತಪ್ಪು ನಿಮ್ಮ ಕೈಯದ್ದಲ್ಲ, ಹಿಟ್ಟಿನದ್ದಿರಬಹುದು. ಜೋಳದಲ್ಲಿ ಗೋಧಿಯಂತೆ ಹಿಗ್ಗುವ ಅಂಟು ಇಲ್ಲ. ಹಿಟ್ಟು ಬೀಸಿ ತಿಂಗಳುಗಟ್ಟಲೆ ಆಗಿದ್ದರೆ ಇರುವ ಜಿಗಿಯೂ ಹೋಗಿರುತ್ತದೆ. ಬೆಂಗಳೂರಿನ ಅಂಗಡಿ ಪೊಟ್ಟಣ ಬಿಟ್ಟು ಜೋಳ ಕೊಂಡು ಗಿರಣಿಯಲ್ಲಿ ಹಾಕಿಸಿ. ಹದಿನೈದು ದಿನಕ್ಕಾಗುವಷ್ಟೇ ಹಾಕಿಸಿ. ಒಂದು ಲೋಟ ಹಿಟ್ಟಿಗೆ ಮುಕ್ಕಾಲರಿಂದ ಒಂದು ಲೋಟ ನೀರು ಹಿಡಿಯುತ್ತದೆ. ನೀರು ಕಳಕಳ ಕುದಿಯುತ್ತಿರಬೇಕು. ಆ ಎಸರನ್ನು ಹಿಟ್ಟಿಗೆ ಸುರಿದು ಚಮಚದಲ್ಲಿ ಕಲಸಿ, ಕೈಗೆ ತಡೆಯುವಷ್ಟು ಆರಿದ ಮೇಲೆ ನಾದಿ. ನಾದುವುದರಲ್ಲೇ ಎಲ್ಲ ಇದೆ. ಒಂದೊಂದು ಉಂಡೆಯನ್ನೂ ಬಡಿಯುವ ಮುಂಚೆ ಮತ್ತೆ ಅರ್ಧ ನಿಮಿಷ ನಾದಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಲ್ಲಿ ನೀರು ಸವರಿ, ಆ ನೀರು ಆರುವ ಹೊತ್ತಿಗೆ ತಿರುವಿಹಾಕಿ.

ಅತ್ತೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ‘ಹಿಟ್ಟಿನ ಹದ ಸರಿ ಇದೆಯಾ ಅತ್ತೆ’ ಅಂತ ಕೇಳಿ. ನಾನು ಬರೆದು ಕಲಿಸುವುದಕ್ಕಿಂತ ಅವರ ಬೆರಳು ಬೇಗ ಕಲಿಸುತ್ತದೆ. ಇನ್ನೂ ಬರದಿದ್ದರೆ ಕಡಕ್ ರೊಟ್ಟಿ ತಂದಿಡಿ, ನೀವು ಜುಣಕ ಮಾಡಿ. ಒಂದು ಲೋಟ ಕಡಲೆಹಿಟ್ಟು, ಎರಡೂವರೆ ಲೋಟ ನೀರು, ಒಗ್ಗರಣೆಗೆ ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಹದಿನೈದು ನಿಮಿಷದ ಕೆಲಸ.

ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇವೆ. ಸಬ್ಬಸಿಗೆ ಇಲ್ಲ, ಅವರೆಕಾಳು ಇಲ್ಲ. ರಾತ್ರಿ ದಾಲ್, ಅನ್ನ, ಮತ್ತೆ ದಾಲ್, ಅನ್ನ. (ಟೆಕ್ಸಾಸ್‌ನ ಓದುಗರು)

ಸಬ್ಬಸಿಗೆ ನಿಮ್ಮ ಸೂಪರ್‌ಮಾರ್ಕೆಟ್‌ನಲ್ಲೇ ಇದೆ, ಡಿಲ್ ಅನ್ನೋ ಹೆಸರಲ್ಲಿ. ಅಲ್ಲಿಯವರು ಮೀನಿಗೆ, ಉಪ್ಪಿನಲ್ಲಿಡುವ ಸೌತೆಗೆ ಹಾಕುವ ಸೊಪ್ಪು. ಪುಟ್ಟ ಕಟ್ಟು ಇರುತ್ತದೆ, ಎರಡು ತನ್ನಿ, ಜೊತೆಗೆ ಪಾಲಕ್ ಸೇರಿಸಿ. ಅವರೆಕಾಳಿಗೆ ಭಾರತದ ಅಂಗಡಿಯ ಫ್ರೀಜರಿನಲ್ಲಿ ‘ಸುರ್ತಿ ಪಾಪ್ಡಿ ಲಿಲ್ವಾ’ ಅಂತ ಬರೆದ ಪೊಟ್ಟಣ ಹುಡುಕಿ. ಗುಜರಾತಿಗಳ ಲಿಲ್ವಾ ನಮ್ಮ ಅವರೆಯ ನೆಂಟನೇ. ಡಿಸೆಂಬರ್ ಚಳಿಯ ಸೊಗಡು ಅದರಲ್ಲಿ ಸಿಗುವುದಿಲ್ಲ, ಅದಕ್ಕೆ ಯಾವ ಫ್ರೀಜರೂ ಉಪಾಯ ಕಂಡುಹಿಡಿದಿಲ್ಲ. ಸಾರಿಗಂತೂ ಮೋಸವಿಲ್ಲ. ಮೇಲೆ ತುಮಕೂರಿನವರಿಗೆ ಹೇಳಿದ ಬಸ್ಸಾರು ಇದರಲ್ಲೇ ಮಾಡಿ. ಊರಿಂದ ಯಾರಾದರೂ ಬರುವಾಗ ಬ್ಯಾಡಗಿ ಮೆಣಸಿನಕಾಯಿ ತರಿಸಿಕೊಳ್ಳಿ. ಖಾರ ಕಡಿಮೆ, ಬಣ್ಣ ಜಾಸ್ತಿ.

ರಾತ್ರಿ ಉಳಿದ ಅನ್ನವನ್ನು ಕಟ್ಟೆ ಮೇಲೆ ಮುಚ್ಚಿಟ್ಟು ಬೆಳಗ್ಗೆ ಚಿತ್ರಾನ್ನ ಮಾಡುತ್ತೇನೆ. ಮಗಳು ಬೈಯುತ್ತಾಳೆ. ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಲ್ವಾ? (ದಾವಣಗೆರೆಯ ಓದುಗರು)

ಈ ಸಲ ಮಗಳ ಪರ ನಾನು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಚ್ಚಗಿನ ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಬೆಳೆದು ವಿಷ ಬಿಡುತ್ತವೆ. ಆ ವಿಷ ಒಗ್ಗರಣೆಯ ಬಿಸಿಗೆ ಹೋಗುವುದಿಲ್ಲ. ವಾಸನೆಯಲ್ಲೂ ಗೊತ್ತಾಗುವುದಿಲ್ಲ. ಊಟ ಮುಗಿದ ತಕ್ಷಣ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಆರಿದ ಕೂಡಲೇ, ಒಂದು ಗಂಟೆಯೊಳಗೆ, ಫ್ರಿಜ್ಜಿಗೆ ಇಡಿ. ಬೆಳಗ್ಗೆ ಬಳಸಿ ಮುಗಿಸಿ. ಫ್ರಿಜ್ಜಿನ ಅನ್ನ ಉದುರುದುರಾಗಿರುತ್ತದೆ, ಚಿತ್ರಾನ್ನಕ್ಕೆ ಅದೇ ಮೇಲು.

ಮಗ ರಾತ್ರಿ ದೋಸೆ ಬಿಟ್ಟು ಏನೂ ತಿನ್ನುವುದಿಲ್ಲ. (ಶಿವಮೊಗ್ಗದ ಓದುಗರು)

ದೋಸೆ ಕೊಡಿ. ಒಂದು ದಿನ ಹಿಟ್ಟಿಗೆ ರಾಗಿ ಸೇರಿಸಿ, ಇನ್ನೊಂದು ದಿನ ಹೆಸರುಬೇಳೆ. ಪಕ್ಕದಲ್ಲಿ ಚಟ್ನಿ ಬದಲು ನೀವು ತಿನ್ನುವ ಪಲ್ಯ ಒಂದು ಚಮಚ ಇಡಿ, ಏನೂ ಹೇಳಬೇಡಿ.

ನಮ್ಮ ಮಹಡಿಯಲ್ಲಿ ನಾಲ್ಕು ಮನೆ. ವಾರಕ್ಕೆ ಒಂದೊಂದು ರಾತ್ರಿ ಒಬ್ಬೊಬ್ಬರು ನಾಲ್ಕೂ ಮನೆಗೆ ಅಡುಗೆ ಮಾಡೋಣ ಅಂದುಕೊಂಡಿದ್ದೇವೆ. ಒಟ್ಟು ಹದಿನಾಲ್ಕು ಜನ. ಒಂದು ಮನೆಯಲ್ಲಿ ಬೆಳ್ಳುಳ್ಳಿ ತಿನ್ನುವುದಿಲ್ಲ, ಇನ್ನೊಂದರಲ್ಲಿ ಖಾರ ಕಡಿಮೆ. ನಡೆಯುತ್ತದಾ? (ಹುಬ್ಬಳ್ಳಿಯ ಓದುಗರು)

ನಡೆಯುತ್ತದೆ, ಇಡೀ ಊಟ ಹಂಚಲು ಹೋಗದಿದ್ದರೆ. ಹಂಚುವುದು ಸಾರು ಮಾತ್ರ. ಅನ್ನ, ರೊಟ್ಟಿ, ಮುದ್ದೆ ಅವರವರ ಮನೆಯಲ್ಲೇ ಆಗಲಿ. ಅದಿಲ್ಲದಿದ್ದರೆ ಮೂರನೇ ವಾರಕ್ಕೆ ಯಾರಾದರೂ ಸೋಲುತ್ತಾರೆ. ಹದಿನಾಲ್ಕು ಜನಕ್ಕೆ ಅರ್ಧ ಕಿಲೋ ಬೇಳೆ ಸಾಕು, ತಲೆಗೆ ಸುಮಾರು 35 ಗ್ರಾಂ ಬಂತು. ಬೆಳ್ಳುಳ್ಳಿಗೆ ಉಪಾಯ ನಮ್ಮ ಅಡುಗೆಯಲ್ಲೇ ಇದೆ. ಸಾರಿಗೆ ಒಗ್ಗರಣೆ ಹಾಕದೆ ಕಳಿಸಿ. ಬೇಕಾದವರು ಬೆಳ್ಳುಳ್ಳಿ ಜಜ್ಜಿ ಹಾಕಿಕೊಳ್ಳಲಿ, ಬೇಡದವರು ಇಂಗು. ಖಾರವನ್ನೂ ಕಡಿಮೆ ಕಡೆಗೇ ಹಿಡಿಯಿರಿ, ಬೇಕಾದವರು ಒಗ್ಗರಣೆಯಲ್ಲಿ ಎರಡು ಮೆಣಸಿನಕಾಯಿ ಜಾಸ್ತಿ ಮುರಿಯಲಿ. ಹಾಕಿದ ಖಾರ ತೆಗೆಯಲಾಗುವುದಿಲ್ಲ.

ಕೊಟ್ಟ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು ಅನ್ನೋ ಪದ್ಧತಿಯನ್ನು ಇಲ್ಲಿ ದಯವಿಟ್ಟು ಕೈಬಿಡಿ. ಇಲ್ಲದಿದ್ದರೆ ಸಾರಿಗೆ ಪಾಯಸ, ಪಾಯಸಕ್ಕೆ ಕೋಡುಬಳೆ ಅಂತ ಲೆಕ್ಕ ಬೆಳೆದು, ಅಡುಗೆ ಹಗುರ ಮಾಡಲು ಹೊರಟವರಿಗೆ ಇನ್ನೊಂದು ಅಡುಗೆ ಹೆಗಲೇರುತ್ತದೆ. ತೊಳೆದು ಕೊಟ್ಟರೆ ಸಾಕು ಅಂತ ಮೊದಲ ದಿನವೇ ಮಾತಾಡಿಕೊಳ್ಳಿ. ಮತ್ತೆ ಪಾತ್ರೆಗೂ ಮುಚ್ಚಳಕ್ಕೂ, ಎರಡಕ್ಕೂ, ಹೆಸರು ಹಾಕಿಸಿ. ನಮ್ಮ ಮನೆಯಲ್ಲಿ ಇನ್ನೂ ಯಾರದೋ ಮೂರು ಮುಚ್ಚಳ ಇವೆ.