ಟವೆಲ್ ರಾಡ್ ಆಸರೆಯಲ್ಲ

ಪ್ರಶ್ನೆ: ತಾಯಿಗೆ 78 ವರ್ಷ, ಮಂಡಿನೋವು. ಕಮೋಡ್‌ನಿಂದ ಏಳುವಾಗ ಟವೆಲ್ ರಾಡ್ ಹಿಡಿಯುತ್ತಾರೆ, ಅದೀಗ ಅಲುಗಾಡುತ್ತಿದೆ. ಗೋಡೆಗೆ ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಕೆ ಸಾಕೇ?

ಉತ್ತರ: ಖಂಡಿತ ಸಾಲದು. ಟೈಲ್ಸ್ ಸಂದಿನಿಂದ ಗಾಳಿ ನುಸುಳಿದರೆ ಅದು ಹೇಳದೆ ಕೇಳದೆ ಕಳಚಿಕೊಳ್ಳುತ್ತದೆ. ಟವೆಲ್ ರಾಡನ್ನೂ ಬಿಚ್ಚಿಸಿ. ಕಣ್ಣೆದುರಿದ್ದರೆ ಕೈ ಅಲ್ಲಿಗೇ ಹೋಗುತ್ತದೆ. ಹೊಸದು ಬರುವವರೆಗೆ ಅವರು ಏಳುವಾಗ ಯಾರಾದರೂ ಜೊತೆಗಿರಿ.

32ರಿಂದ 38 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಗ್ರ್ಯಾಬ್ ಬಾರ್ (ಹಿಡಿದು ಏಳಲೆಂದೇ ಗೋಡೆಗೆ ಬಿಗಿಸುವ ಸರಳು) ತನ್ನಿ. ಗೋಡೆಗೂ ಅದಕ್ಕೂ ನಡುವೆ ಸುಮಾರು 40 ಮಿ.ಮೀ. ಅಂತರ ಸಾಕು, ಹೆಚ್ಚಾದರೆ ಜಾರಿದಾಗ ಮುಂಗೈ ಒಳಗೆ ಸಿಕ್ಕಿಕೊಳ್ಳುತ್ತದೆ. ಎತ್ತರ ಸೀಟಿನಿಂದ 20–25 ಸೆಂ.ಮೀ., ಆದರೆ ಅಮ್ಮನನ್ನು ಕೂರಿಸಿ, ಕೈ ಚಾಚಿಸಿ ನೋಡಿಯೇ ಗುರುತು ಹಾಕಿ.

ಎಡವಟ್ಟಾಗುವುದು ಗೋಡೆಯಲ್ಲಿ. ಟೈಲ್ಸ್, ಗಾರೆ ಸೇರಿದ ಮೇಲ್ಪದರ ಭಾರ ಹೊರುವುದಿಲ್ಲ. ಬೋಲ್ಟ್ ಅದನ್ನು ದಾಟಿ ಇಟ್ಟಿಗೆಯೊಳಗೆ ಕನಿಷ್ಠ 5 ಸೆಂ.ಮೀ. ಇಳಿಯಬೇಕು. ಟೊಳ್ಳು ಬ್ಲಾಕ್‌ನ ಗೋಡೆಯಾದರೆ ತೂತಿಗೆ ತುರುಕುವ ಪ್ಲಾಸ್ಟಿಕ್ ಪ್ಲಗ್ ಬಿಗಿಯಾಗದೆ ಒಳಗೇ ತಿರುಗುತ್ತದೆ. ಆಗ ಬೋಲ್ಟನ್ನು ಆಚೆ ಬದಿಗೆ ಹಾಯಿಸಿ, ಅಲ್ಲೊಂದು ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸಿ. ನೀರಿನ ಪೈಪ್ ಎಲ್ಲಿದೆಯೆಂದು ಮೊದಲೇ ತಿಳಿದುಕೊಳ್ಳಿ. ಟೈಲ್ಸ್ ದಾಟುವವರೆಗೆ ಡ್ರಿಲ್‌ನ ಹ್ಯಾಮರ್ (ಬಡಿಯುತ್ತ ಕೊರೆಯುವ ಕ್ರಮ) ಹಾಕಬೇಡಿ, ಬಿರುಕು ಬಿಡುತ್ತದೆ. ತೂತಿನ ಸುತ್ತ ಸಿಲಿಕೋನ್ ಹಚ್ಚಿಸಿ.

ಮೊದಲು ಮನೆಯ ಅತಿ ತೂಕದವರು ಮೈಭಾರ ಬಿಟ್ಟು ಎಳೆದು ನೋಡಲಿ. ಕೂದಲೆಳೆಯಷ್ಟು ಅಲುಗಿದರೂ ಅಮ್ಮನ ಕೈಗೆ ಕೊಡಬೇಡಿ.