ಸಣ್ಣ ತಿಂಡಿ ಹೋಟೆಲಿಗೆ ಕರೆಂಟ್ ಕಾವಲಿ: 3 ಕಿಲೋವ್ಯಾಟಿನದೋ, 4.4 ರದೋ?

ಕೈಮರದ ಕಡೆ ಹೋಗುವ ರಸ್ತೆಯಲ್ಲಿ ಬಾಡಿಗೆ ಅಂಗಡಿ ಹಿಡಿದಿದ್ದೀರಿ. ಒಳಗೆ ಗ್ಯಾಸ್ ಸಿಲಿಂಡರ್ ಇಡಬಾರದು ಎಂದು ಮಾಲೀಕರು ಹೇಳಿದ್ದಾರೆ. ಬೆಳಗ್ಗೆ ದೋಸೆ, ಅಕ್ಕಿರೊಟ್ಟಿ, ಸಂಜೆ ಆಮ್ಲೆಟ್. ಟೇಬಲ್ ಮೇಲಿಡುವ ಕರೆಂಟ್ ಕಾವಲಿಯಲ್ಲಿ 3 ಕಿಲೋವ್ಯಾಟಿನದು ಸಾಕೋ, 4.4 ರದು ಬೇಕೋ ಎಂದು ಕೇಳಿದ್ದೀರಿ. ನಾನು ಚಿಕ್ಕಮಗಳೂರು ಪೇಟೆಯಲ್ಲೇ ಎಂಟು ವರ್ಷದಿಂದ ತಿಂಡಿ ಹೋಟೆಲ್ ನಡೆಸುತ್ತಿದ್ದೇನೆ, ಅದರಲ್ಲಿ ಐದು ವರ್ಷ ಕರೆಂಟ್ ಕಾವಲಿಯ ಮೇಲೆಯೇ. ನನ್ನ ಮಾತು ಇದು: ದಪ್ಪ ತಟ್ಟೆಯ 3 ಕಿಲೋವ್ಯಾಟಿನ ಒಂದನ್ನು ತಗೊಂಡು ಶುರು ಮಾಡಿ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವ ಕಾರುಗಳು ನಿಮ್ಮ ಮುಂದೆ ನಿಲ್ಲತೊಡಗಿದರೆ ಅಂಥದೇ ಇನ್ನೊಂದನ್ನು ಸೇರಿಸಿ. 4.4 ರ ಒಂದೇ ಕಾವಲಿ ನಂಬಿಕೊಂಡರೆ ಅದು ಕೆಟ್ಟ ದಿನ ಅಂಗಡಿ ಮುಚ್ಚಬೇಕಾಗುತ್ತದೆ. ಎರಡಿದ್ದರೆ ಒಂದಾದರೂ ಕಾಯುತ್ತಿರುತ್ತದೆ, ವ್ಯಾಪಾರ ಕಡಿಮೆಯಿರುವ ಮಂಗಳವಾರ ಒಂದನ್ನೇ ಹಾಕಿದರೂ ನಡೆಯುತ್ತದೆ.

ಆದರೆ ಕಾವಲಿ ನೋಡುವ ಮೊದಲು ಗೋಡೆ ನೋಡಿ. 230 ವೋಲ್ಟಿನಲ್ಲಿ 3 ಕಿಲೋವ್ಯಾಟ್ ಎಂದರೆ 13 ಆಂಪ್, ಒಳ್ಳೆಯ 16 ಆಂಪಿನ ಪಾಯಿಂಟ್ ಅದನ್ನು ತಡೆಯುತ್ತದೆ, ಆ ಲೈನಿನಲ್ಲಿ ಬೇರೆ ಏನೂ ಇರಬಾರದು ಅಷ್ಟೆ. 4.4 ಕಿಲೋವ್ಯಾಟ್ ಎಂದರೆ 19 ಆಂಪ್. ಅದಕ್ಕೆ 16 ಆಂಪಿನ ಪ್ಲಗ್ ಹಾಕಿ ಕೊಡುವವರೂ ಇದ್ದಾರೆ. ನನಗೂ ಹಾಗೇ ಕೊಟ್ಟಿದ್ದರು. ಮೂರನೇ ವಾರಕ್ಕೆ ಸಾಕೆಟ್ ಕಂದುಬಣ್ಣಕ್ಕೆ ತಿರುಗಿ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಒಳಗೆ ಕೆಲಸದ ಹುಡುಗರು ಇದ್ದರು, ಆ ಬೆಳಗ್ಗೆ ನೆನೆಸಿದರೆ ಈಗಲೂ ಎದೆ ಡವಗುಟ್ಟುತ್ತದೆ. ದೊಡ್ಡದೇ ಬೇಕೆಂದರೆ ಮೀಟರ್ ಬೋರ್ಡಿನಿಂದ 4 ಚದರ ಮಿಲಿಮೀಟರ್ ತಾಮ್ರದ ವೈರು ಎಳೆಸಿ, ಅದಕ್ಕೇ ಬೇರೆ ಎಂಸಿಬಿ (ಲೋಡ್ ಮೀರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಪ್ಲಗ್ ಇಲ್ಲದೆ ನೇರವಾಗಿ ಜೋಡಿಸಬೇಕು. ಜತೆಗೆ ನಿಮ್ಮ ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ, ಅದನ್ನು ಓದಿ. ಎರಡೋ ಮೂರೋ ಕಿಲೋವ್ಯಾಟ್ ಇದ್ದರೆ, ಗ್ರೈಂಡರ್, ಫ್ರಿಜ್ ಸೇರಿದಾಗ ಅದು ಸಾಲದು. ಹೆಚ್ಚುವರಿ ಲೋಡಿಗೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕ ಅರ್ಜಿ ಹಾಕಿಸಿ. ನಿಗದಿತ ಶುಲ್ಕ ಕಿಲೋವ್ಯಾಟಿನ ಲೆಕ್ಕದಲ್ಲಿ ಬರುವುದರಿಂದ ಅದನ್ನೂ ತಿಂಗಳ ಖರ್ಚಿಗೆ ಸೇರಿಸಿಕೊಳ್ಳಿ.

ಗಂಟೆಗೆ ಎಷ್ಟು ದೋಸೆ ಎನ್ನುವುದು ತಟ್ಟೆಯ ಅಗಲದಿಂದ ತೀರ್ಮಾನವಾಗುವುದಿಲ್ಲ. 100 ಗ್ರಾಂ ಹಿಟ್ಟಿನ ದೋಸೆ ಬೇಯುವಾಗ 40 ಗ್ರಾಂ ನೀರು ಆವಿಯಾಗುತ್ತದೆ ಎಂದುಕೊಳ್ಳಿ. ಕುದಿಯುವ ನೀರು ಆವಿಯಾಗಲು ಗ್ರಾಮಿಗೆ ಸುಮಾರು 2,260 ಜೂಲ್ ಬೇಕು, ಹಿಟ್ಟನ್ನು ಕುದಿಯುವ ಮಟ್ಟಕ್ಕೆ ತರುವ ಬಿಸಿಯನ್ನೂ ಸೇರಿಸಿದರೆ ದೋಸೆಯೊಂದಕ್ಕೆ ಹೆಚ್ಚೂಕಡಿಮೆ 1,20,000 ಜೂಲ್. 3 ಕಿಲೋವ್ಯಾಟಿನ ಕಾವಲಿ ಸೆಕೆಂಡಿಗೆ ಕೊಡುವುದು 3,000. ಅಂದರೆ ಒಂದು ತೊಟ್ಟು ಬಿಸಿಯೂ ಪೋಲಾಗದಿದ್ದರೆ 40 ಸೆಕೆಂಡಿಗೆ ಒಂದು ದೋಸೆ. ಗಾಳಿಗೆ ಹೋಗುವುದು, ಪೊರಕೆಯಲ್ಲಿ ನೀರು ಚಿಮುಕಿಸಿದಾಗ ಹೋಗುವುದು ಎಲ್ಲ ಕಳೆದರೆ ಗಂಟೆಗೆ 60ರ ಸುತ್ತಮುತ್ತ. ನನ್ನಲ್ಲೂ ಅಷ್ಟೇ ಬರುತ್ತಿದೆ. ಅದೇ 3 ಕಿಲೋವ್ಯಾಟಿಗೆ ಮೂರಡಿ ತಟ್ಟೆ ಜೋಡಿಸಿದ್ದನ್ನು ಯಾರಾದರೂ ತೋರಿಸಿದರೆ ಬೇಡವೆನ್ನಿ. ನಾಲ್ಕು ದೋಸೆ ಹುಯ್ಯಲು ಜಾಗ ಇರುತ್ತದೆ, ನಾಲ್ಕನ್ನು ಬೇಯಿಸುವ ಬಿಸಿ ಇರುವುದಿಲ್ಲ.

ವೋಲ್ಟೇಜ್ ಇಳಿದರೆ ಈ ಲೆಕ್ಕವೂ ಇಳಿಯುತ್ತದೆ. 230ರ ಬದಲು 190 ಬಂದರೆ 3 ಕಿಲೋವ್ಯಾಟಿನ ಕಾವಲಿ ಬರೀ 2 ಕಿಲೋವ್ಯಾಟಿನಷ್ಟು ಕೆಲಸ ಮಾಡುತ್ತದೆ. ಬೆಳಗ್ಗೆ ಏಳರಿಂದ ಒಂಬತ್ತು, ಅಂದರೆ ನಿಮಗೆ ನಿಜವಾಗಿ ಬೇಕಾದ ಹೊತ್ತಿನಲ್ಲಿ, ಅಂಗಡಿಯಲ್ಲಿ ಎಷ್ಟು ವೋಲ್ಟ್ ಬರುತ್ತದೆ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಎರಡು ಮೂರು ದಿನ ಅಳೆಸಿ ನೋಡಿ.

ಇನ್ನು ತಟ್ಟೆಯ ದಪ್ಪ. ಇದೊಂದರಲ್ಲಿ ಜಿಪುಣತನ ಬೇಡ. ನನ್ನ ಮೊದಲ ಕಾವಲಿ 6 ಮಿಲಿಮೀಟರಿನದು. ಮೊದಲ ಎರಡು ದೋಸೆ ಹೊಂಬಣ್ಣ, ಐದನೆಯದರಿಂದ ಬಿಳಿಚಿಕೊಂಡು ಮೆತ್ತಗೆ. ತಣ್ಣನೆಯ ಹಿಟ್ಟು ಬಿದ್ದ ತಕ್ಷಣ ಬಿಸಿ ಕುಸಿಯುತ್ತಿತ್ತು, ಥರ್ಮೋಸ್ಟಾಟ್ ಎಚ್ಚೆತ್ತು ಮತ್ತೆ ಕಾಯಿಸುವಷ್ಟರಲ್ಲಿ ಗಿರಾಕಿ ಕೈಗಡಿಯಾರ ನೋಡುತ್ತಿದ್ದರು. ದಪ್ಪ ಕಬ್ಬಿಣ ಬಿಸಿಯನ್ನು ಹೊಟ್ಟೆಯಲ್ಲಿ ಕೂಡಿಟ್ಟುಕೊಂಡಿರುತ್ತದೆ. 12 ಮಿಲಿಮೀಟರ್ ಕೇಳಿ. 55 ಸೆಂಟಿಮೀಟರ್ ಉದ್ದ, 35 ಅಗಲ, 12 ಮಿಲಿಮೀಟರ್ ದಪ್ಪದ ಕಬ್ಬಿಣದ ತಟ್ಟೆಯೇ 18 ಕಿಲೋ ತೂಗುತ್ತದೆ. ಇಡೀ ಯಂತ್ರವನ್ನು ಒಬ್ಬರೇ ಒಂದು ಕೈಯಲ್ಲಿ ಎತ್ತಿ ತೋರಿಸಿದರೆ ಅಂಚು ಮಾತ್ರ ದಪ್ಪ, ನಡುವೆ ತೆಳು ಎಂದೇ ಅರ್ಥ. ದಪ್ಪದ್ದು ಕಾಯಲು ಕಾಲು ಗಂಟೆ ತಗೊಳ್ಳುತ್ತದೆ, ಅಷ್ಟು ಬೇಗ ಅಂಗಡಿಗೆ ಬಂದರಾಯಿತು.

ದುಡ್ಡು ಕೊಡುವ ಮುನ್ನ ಮನೆಯಿಂದ ದೋಸೆ ಹಿಟ್ಟು ತಗೊಂಡು ಹೋಗಿ. ಸಂಕೋಚ ಬೇಡ. ಕಾಯಿಸಿ ಕೊಡಿ ಎಂದು ಕೇಳಿ, ಬಿಡುವು ಕೊಡದೆ ಎಂಟು ದೋಸೆ ಹುಯ್ಯಿರಿ. ಎಂಟನೆಯದು ಮೊದಲನೆಯದರ ಬಣ್ಣಕ್ಕೆ ಬಂದಿದೆಯೇ, ಮೂಲೆಯದು ನಡುವಿನದರಷ್ಟೇ ಬೆಂದಿದೆಯೇ ನೋಡಿ. ಹಿಟ್ಟು ಸೌಟಿಗೆ ಸುತ್ತಿಕೊಂಡು ಬಂದರೆ ಅದು ಕಾವಲಿಯ ತಪ್ಪಲ್ಲ, ಬಿಸಿ ಜಾಸ್ತಿಯಾಗಿದೆ, ನೀರು ಚಿಮುಕಿಸಿ ಒರೆಸಿ ಮತ್ತೆ ಹುಯ್ಯಿರಿ. ಹಾಗೆ ಚಿಮುಕಿಸಿದ ನೀರು ಎಲ್ಲಿಗೆ ಇಳಿಯುತ್ತದೆ ಎಂದೂ ಬಗ್ಗಿ ನೋಡಿ. ಥರ್ಮೋಸ್ಟಾಟಿನ ಗುಂಡಿಯ ಸಂದಿಯಿಂದ ಒಳಗೆ ಹೋಗುವಂತಿದ್ದರೆ ಆ ಯಂತ್ರ ದೋಸೆಗೆ ಮಾಡಿದ್ದಲ್ಲ.

ನಮ್ಮ ಮಳೆಗಾಲದ ಮಾತು ಪ್ರತ್ಯೇಕ. ಹೀಟರ್ ಕಾಯಿಲ್ ಒಳಗೆ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಾಳಿಯ ತೇವವನ್ನು ಹೀರುತ್ತದೆ. ಜುಲೈನಲ್ಲಿ ನಾಲ್ಕು ದಿನ ಬಾಗಿಲು ಹಾಕಿ ಬಂದು ಸ್ವಿಚ್ ಒತ್ತಿದರೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಟ್ರಿಪ್ ಆಗಬಹುದು. ಅದನ್ನು ತಪ್ಪಿಸಿ ನೇರವಾಗಿ ಕರೆಂಟ್ ಕೊಡುವ ಕೆಲಸ ಯಾರೇ ಹೇಳಿದರೂ ಮಾಡಬೇಡಿ. ಒದ್ದೆ ನೆಲದಲ್ಲಿ ನಿಂತು ಕಬ್ಬಿಣ ಮುಟ್ಟುವವರ ಜೀವ ಉಳಿಸುವುದು ಆ 30 ಮಿಲಿಆಂಪಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ತಿಂಗ್, ಎಂಸಿಬಿ ಅಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮೆಗ್ಗರ್ (ಕರೆಂಟ್ ಸೋರುತ್ತದೋ ಎಂದು ನೋಡುವ ಮೀಟರ್) ಹಿಡಿಸಿ. ರಜೆಯಲ್ಲೂ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಕಾಯಿಸಿದರೆ ಈ ತೊಂದರೆ ಹತ್ತಿರ ಸುಳಿಯುವುದು ಕಡಿಮೆ. ರಾತ್ರಿ ಮುಚ್ಚುವಾಗ ತಟ್ಟೆ ಬೆಚ್ಚಗಿರುವಾಗಲೇ ಎಣ್ಣೆ ಸವರಿಡಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ತುಕ್ಕು.

ಕೊನೆಗೆ ಅಕ್ಕಿರೊಟ್ಟಿ. ಉಕ್ಕರಿಸಿದ, ಅಂದರೆ ಕುದಿಯುವ ನೀರಿಗೆ ಹಾಕಿ ಬೇಯಿಸಿದ ಹಿಟ್ಟಿನ ನಮ್ಮ ಕಡೆಯ ರೊಟ್ಟಿ ಕರೆಂಟ್ ಕಾವಲಿಯಲ್ಲಿ ಬೇಯುತ್ತದೆ, ಆದರೆ ಕೆಂಡದ ಮೇಲೆ ಉಬ್ಬಿದ ಹಾಗೆ ಉಬ್ಬುವುದಿಲ್ಲ. ನಾನು ಎಷ್ಟೋ ಬಗೆಯಲ್ಲಿ ಮಾಡಿ ನೋಡಿ ಕೈಬಿಟ್ಟೆ. ಈಗ ಎರಡೂ ಬದಿ ಕಾವಲಿಯಲ್ಲಿ ಬಾಡಿಸಿ, ಹಿತ್ತಲಲ್ಲಿ ಮಾಡಿನ ಕೆಳಗಿಟ್ಟ ಇದ್ದಿಲೊಲೆಯ ಜಾಲಿಗೆ ಹಾಕುತ್ತೇವೆ. ನಿಮ್ಮ ಮಾಲೀಕರು ಬೇಡವೆಂದದ್ದು ಒಳಗಿನ ಸಿಲಿಂಡರ್ ತಾನೆ, ಹಿಂಬದಿ ಬಯಲಿದ್ದರೆ ಇದ್ದಿಲೊಲೆಗೆ ಒಪ್ಪುತ್ತಾರೋ ಕೇಳಿ ನೋಡಿ. ಗಾಳಿಮಳೆಗೆ ಕೊಂಬೆ ಬಿದ್ದು ಕರೆಂಟ್ ಹೋದ ಬೆಳಗ್ಗೆಗಳಲ್ಲಿ ಅದೇ ಒಲೆಯ ಮೇಲೆ ಒಂದು ಹಳೇ ಹಂಚಿಟ್ಟು ಬಂದವರಿಗೆ ಇಲ್ಲವೆನ್ನದೆ ಕಳಿಸಿದ್ದೇವೆ.

ಬಿಲ್ಲಿನಲ್ಲಿರುವ ಲೋಡ್ ಎಷ್ಟು, ಬೆಳಗಿನ ವೋಲ್ಟೇಜ್ ಎಷ್ಟು, ಎರಡನ್ನೂ ಇಲ್ಲಿ ಬರೆಯಿರಿ. ಎರಡನೇ ಕಾವಲಿಗೆ ನಿಮ್ಮಲ್ಲಿ ತ್ರೀ ಫೇಸ್ ಬೇಕಾಗುತ್ತದೋ ಇಲ್ಲವೋ ಎನ್ನುವುದನ್ನು ಆಗ ನೋಡೋಣ.